ಐರನ್ ಟಾನಿಕ್ ಉಗುಳುವ ಮಗುವಿಗೆ ಕುಡಿಸುವುದು ಹೇಗೆ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ, ತೂಕ 12 ಕಿಲೋ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಐರನ್ ಟಾನಿಕ್ ಬರೆದುಕೊಟ್ಟಿದ್ದಾರೆ. ಜೊತೆಗೆ ವಿಟಮಿನ್ ಡಿ ಹನಿ ಇದೆ, ನಾವೇ ತಂದ ಮಲ್ಟಿವಿಟಮಿನ್ ಒಂದಿದೆ. ಊಟಕ್ಕೇ ನೂರು ತಕರಾರು ಮಾಡುವ ಮಗು. ಬಾಟಲಿ ಕಂಡರೆ ಬಾಯಿ ಬಿಗಿ ಹಿಡಿಯುತ್ತಾನೆ, ಬಲವಂತ ಮಾಡಿದರೆ ಉಗುಳುತ್ತಾನೆ. ಹಾಲಿನಲ್ಲಿ ಬೆರೆಸಿ ಕೊಟ್ಟೆವು, ಈಗ ಹಾಲನ್ನೂ ಮೂಸಿ ನೋಡಿ ತಳ್ಳುತ್ತಾನೆ. ಏನು ಮಾಡುವುದು?

ಉತ್ತರ: ಹಾಲಿನಲ್ಲಿ ಬೆರೆಸುವುದನ್ನು ಇವತ್ತೇ ನಿಲ್ಲಿಸಿ. ಹಾಲಿನಲ್ಲಿರುವ ಕ್ಯಾಲ್ಸಿಯಂ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ಹಾಗಾಗಿ ಮಗು ಲೋಟ ಖಾಲಿ ಮಾಡಿದರೂ ಲಾಭ ಕಡಿಮೆ. ಅದಕ್ಕಿಂತ ದೊಡ್ಡ ನಷ್ಟ ಈಗಾಗಲೇ ನಿಮ್ಮ ಕಣ್ಣಿಗೆ ಬಿದ್ದಿದೆ. ತಿನ್ನುವ ನಾಲ್ಕೇ ಪದಾರ್ಥಗಳಲ್ಲಿ ಒಂದರ ರುಚಿ ಕೆಟ್ಟರೆ ಇಂಥ ಮಕ್ಕಳು ಆ ಪದಾರ್ಥವನ್ನೇ ಬಿಟ್ಟುಬಿಡುತ್ತಾರೆ. ಆಟಿಸಂ ಇರುವ ಮಕ್ಕಳಲ್ಲಿ ಇದು ಇನ್ನೂ ತೀವ್ರ, ಒಂದು ಬಾರಿ ಬಿಟ್ಟದ್ದು ತಿಂಗಳುಗಟ್ಟಲೆ ವಾಪಸ್ ಬರುವುದಿಲ್ಲ. ಮಗು ನಂಬಿ ತಿನ್ನುವ ಯಾವುದಕ್ಕೂ ಕದ್ದು ಏನನ್ನೂ ಸೇರಿಸಬೇಡಿ.

ಇನ್ನು ಮಲ್ಟಿವಿಟಮಿನ್. ಅದನ್ನು ಸದ್ಯಕ್ಕೆ ಬದಿಗಿಡಬಹುದೇ ಎಂದು ಡಾಕ್ಟರನ್ನು ಕೇಳಿ. ದಿನಕ್ಕೆ ಮೂರು ಸಲ ಜಗಳ ಆಡುವುದಕ್ಕಿಂತ ಬಹಳ ಬೇಕಾದ ಒಂದಕ್ಕೆ ಶಕ್ತಿ ಉಳಿಸಿಕೊಳ್ಳುವುದು ಜಾಣತನ. ನಿಮ್ಮ ಮಗನಿಗೆ ಕಬ್ಬಿಣಾಂಶ ಚಿಕಿತ್ಸೆ, ಅದನ್ನು ಬಿಡುವಂತಿಲ್ಲ. ಮಲ್ಟಿವಿಟಮಿನ್ ಹೆಚ್ಚಿನ ಮಕ್ಕಳಿಗೆ ಬೇಕಾಗುವುದೇ ಇಲ್ಲ. ಅದರಲ್ಲೂ ಡಿ ಇರುತ್ತದೆ, ಕೆಲವದರಲ್ಲಿ ಕಬ್ಬಿಣವೂ ಇರುತ್ತದೆ. ಮೂರೂ ಬಾಟಲಿಗಳ ಲೇಬಲ್ ಪಕ್ಕಪಕ್ಕ ಇಟ್ಟು ಕೂಡಿಸಿ ನೋಡಿದರೆ ಒಂದೇ ಪದಾರ್ಥ ಎರಡು ಕಡೆಯಿಂದ ಹೋಗುತ್ತಿರುವುದು ಎಷ್ಟೋ ಸಲ ಕಾಣುತ್ತದೆ.

ಡಿ ಸುಲಭ. ಒಂದು ವರ್ಷದೊಳಗಿನ ಕೂಸಿಗೆ ದಿನಕ್ಕೆ 400 ಐಯು, ಆಮೇಲೆ 600 ಐಯು ಎಂಬುದು ಸಾಮಾನ್ಯ ಲೆಕ್ಕ. ಕೊರತೆ ಇದ್ದರೆ ಡಾಕ್ಟರು ಹೆಚ್ಚಿಗೆ ಬರೆಯುತ್ತಾರೆ. ಎಣ್ಣೆಯಲ್ಲಿ ಕರಗಿಸಿದ ಹನಿಗೆ ರುಚಿ ಇಲ್ಲವೆಂದೇ ಹೇಳಬಹುದು. ಚಮಚಕ್ಕೆ ಬಿಟ್ಟು ನೆಕ್ಕಿಸಿದರೆ ಮುಗಿಯಿತು. ಇಲ್ಲಿ ಎಡವಟ್ಟಾಗುವುದು ಅಳತೆಯಲ್ಲಿ. ಕೆಲವು ಬಾಟಲಿಗಳಲ್ಲಿ 400 ಐಯು ಅಂದರೆ ಒಂದು ಹನಿ, ಕೆಲವದರಲ್ಲಿ ಪೂರ್ತಿ 1 ಎಂಎಲ್. ಬ್ರ್ಯಾಂಡ್ ಬದಲಾದಾಗ ಹಳೆಯ ಡ್ರಾಪರ್ ಬಳಸಿದರೆ ಹತ್ತಾರು ಪಟ್ಟು ಹೆಚ್ಚು ಹೋಗಬಹುದು. ಡ್ರಾಪರ್ ಯಾವ ಬಾಟಲಿಯದೋ ಅದಕ್ಕೇ ಮೀಸಲು.

ಎಂಎಲ್ ಕಡಿಮೆ ಮಾಡಿಸಿಕೊಳ್ಳಿ

ಟಾನಿಕ್ ಕುಡಿಸುವ ಉಪಾಯಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬಾಯಿಗೆ ಹೋಗಬೇಕಾದದ್ದು ಎಷ್ಟು ಎಂದು ಕೇಳುವವರು ಕಡಿಮೆ. ರಕ್ತಹೀನತೆಗೆ ಸಾಮಾನ್ಯವಾಗಿ ಮಗುವಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಎಂಜಿ ಎಲಿಮೆಂಟಲ್ ಐರನ್, ಅಂದರೆ ಔಷಧದೊಳಗಿನ ನಿಜವಾದ ಕಬ್ಬಿಣ, ಬರೆಯುತ್ತಾರೆ. 12 ಕಿಲೋಗೆ 36 ಎಂಜಿ. ನಿಮ್ಮ ಸಿರಪ್ಪಿನಲ್ಲಿ 5 ಎಂಎಲ್‌ಗೆ 30 ಎಂಜಿ ಇದ್ದರೆ ಕುಡಿಸಬೇಕಾದದ್ದು 6 ಎಂಎಲ್. 1 ಎಂಎಲ್‌ಗೇ 25 ಎಂಜಿ ಇರುವ ಗಟ್ಟಿ ಹನಿ ಸಿಕ್ಕರೆ ಸುಮಾರು 1.4 ಎಂಎಲ್ ಸಾಕು. ಆರು ಎಂಎಲ್ ಉಗುಳುವ ಮಗು ಒಂದೂವರೆ ಎಂಎಲ್ ನುಂಗಿಬಿಡುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದ ಡಾಕ್ಟರ ಬಳಿ ಕೇಳಬೇಕಾದ ಮೊದಲ ಮಾತು, ‘ಇದೇ ಔಷಧ ಇನ್ನೂ ಗಟ್ಟಿಯಾದ ರೂಪದಲ್ಲಿ ಇದೆಯೇ?’

ಬದಲಿಸಿದರೆ ಡೋಸನ್ನು ಎಂಎಲ್‌ನಲ್ಲಿ ಹೊಸದಾಗಿ ಬರೆಸಿಕೊಂಡೇ ಬನ್ನಿ. ಹಳೆಯ ಅಭ್ಯಾಸದಲ್ಲಿ ಆ ಹನಿಯನ್ನೇ 6 ಎಂಎಲ್ ಹಾಕಿದರೆ 150 ಎಂಜಿ, ನಾಲ್ಕು ಪಟ್ಟು. ಲೇಬಲ್ಲಿನಲ್ಲಿ ‘ಫೆರಸ್ ಸಲ್ಫೇಟ್ 75 ಎಂಜಿ’ ಎಂದಿದ್ದರೆ ಅದು ಪೂರ್ತಿ ಕಬ್ಬಿಣವಲ್ಲ, ಅದರಲ್ಲಿ ಎಲಿಮೆಂಟಲ್ ಐರನ್ 15 ಎಂಜಿಯಷ್ಟೆ. ಲೆಕ್ಕ ಹಾಕುವಾಗ ನೋಡಬೇಕಾದದ್ದು ಈ ಎರಡನೆಯ ಅಂಕಿ.

ಎರಡನೆಯ ಮಾತು, ದಿನಕ್ಕೆ ಒಂದೇ ಸಲ ಕೊಟ್ಟರೆ ನಡೆಯುತ್ತದೆಯೇ ಎಂಬುದು. ಸಾಮಾನ್ಯವಾಗಿ ನಡೆಯುತ್ತದೆ. ರುಚಿ ಚೆನ್ನಾಗಿರುವ ಬೇರೆ ಬಗೆಯ ಐರನ್ ಟಾನಿಕ್‌ಗಳಿವೆ, ಬದಲಿಸಬಹುದು, ಆದರೆ ರುಚಿಯೊಂದನ್ನೇ ನೋಡಬೇಡಿ. 9 ತಿಂಗಳಿಂದ 4 ವರ್ಷದ ಮಕ್ಕಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಿನಕ್ಕೊಂದು ಸಲ ಕಿಲೋಗೆ 3 ಎಂಜಿಯಂತೆ ಕೊಟ್ಟ ಹಳೆಯ ಫೆರಸ್ ಸಲ್ಫೇಟ್ 12 ವಾರಗಳಲ್ಲಿ ಹಿಮೋಗ್ಲೋಬಿನ್ ಏರಿಸಿದಷ್ಟು, ರುಚಿ ವಾಸಿ ಎನ್ನುವ ಪಾಲಿಸ್ಯಾಕರೈಡ್ ಬಗೆಯ ಐರನ್ ಏರಿಸಲಿಲ್ಲ.

ಸಿರಿಂಜ್ ಹಿಡಿಯುವ ಬಗೆ

ಊಟದ ಚಮಚ ಬೇಡ, ಒಂದರಂತೆ ಇನ್ನೊಂದು ಇರುವುದಿಲ್ಲ. ಬಾಟಲಿಯ ಮುಚ್ಚಳದಲ್ಲಿ ಅಳೆದರೆ ಒಂದಷ್ಟು ಅದಕ್ಕೇ ಅಂಟಿಕೊಂಡು ಉಳಿಯುತ್ತದೆ. ಔಷಧದಂಗಡಿಯಲ್ಲಿ ಬಾಯಿಗೆ ಔಷಧ ಹಾಕುವ, ಸೂಜಿಯಿಲ್ಲದ ಸಿರಿಂಜ್ ಕೇಳಿ. ಕಡಿಮೆ ಡೋಸಿಗೆ 1 ಅಥವಾ 2 ಎಂಎಲ್‌ನದು, ಹೆಚ್ಚಾದರೆ 5 ಎಂಎಲ್‌ನದು. ಎಳೆದುಕೊಂಡ ಮೇಲೆ ತುದಿ ಮೇಲೆ ಮಾಡಿ ಗುಳ್ಳೆ ಹೊರಗೆ ಹಾಕಿ, ತುದಿಯ ಹೊರಗೆ ಅಂಟಿದ ಹನಿಯನ್ನು ಒರೆಸಿಬಿಡಿ. ಆ ಒಂದು ಹನಿ ತುಟಿಗೆ ತಾಗಿಯೇ ಮಗು ಮುಖ ತಿರುಗಿಸುವುದು.

ಮಗುವನ್ನು ತೊಡೆಯ ಮೇಲೆ ನೇರ ಕೂರಿಸಿಕೊಳ್ಳಿ, ಅವನ ಬೆನ್ನು ನಿಮ್ಮ ಎದೆಗೆ ಒರಗಿರಲಿ. ಸಿರಿಂಜಿನ ತುದಿಯನ್ನು ಬಾಯಿಯ ಮೂಲೆಯಿಂದ ಕೆನ್ನೆ ಮತ್ತು ವಸಡಿನ ನಡುವೆ ಜಾರಿಸಿ, ಹಿಂದಿನ ಹಲ್ಲಿನವರೆಗೆ ಹೋಗಲಿ. ಅರ್ಧ ಎಂಎಲ್ ಒತ್ತಿ, ನಿಲ್ಲಿಸಿ. ನುಂಗಿದ್ದು ಖಚಿತವಾದ ಮೇಲೆ ಮತ್ತೆ ಅರ್ಧ. ನಾಲಿಗೆಯ ಮುಂಭಾಗಕ್ಕೆ ಹಾಕಿದರೆ ರುಚಿಯೂ ಗೊತ್ತಾಗುತ್ತದೆ, ನಾಲಿಗೆ ಅದನ್ನು ಹೊರಗೂ ತಳ್ಳುತ್ತದೆ. ನೇರ ಗಂಟಲಿಗೆ ಚಿಮ್ಮಿಸಿದರೆ ಓಕರಿಕೆ ಬರುತ್ತದೆ, ಶ್ವಾಸನಾಳಕ್ಕೆ ಹೋಗುವ ಅಪಾಯವೂ ಉಂಟು. ಮಲಗಿಸಿ, ಮೂಗು ಹಿಡಿದು, ಬಾಯಿ ಒತ್ತಿ ತೆರೆಸಿ ಸುರಿಯುವ ಪದ್ಧತಿ ಎಷ್ಟು ಹಳೆಯದಾದರೂ ಬೇಡವೇ ಬೇಡ. ಅಳುವ ಮಗು ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ, ಬಾಯಲ್ಲಿರುವುದು ಆಗ ಎಲ್ಲಿಗೆ ಬೇಕಾದರೂ ಹೋಗಬಹುದು. ಅಳು ಶುರುವಾದರೆ ಸಿರಿಂಜ್ ಕೆಳಗಿಡಿ.

ಈಗಾಗಲೇ ಬಾಯಿ ಬಿಗಿ ಹಿಡಿಯುವ ಹಂತಕ್ಕೆ ಬಂದಿರುವುದರಿಂದ ನಾಲ್ಕೈದು ದಿನ ಸಿರಿಂಜಿನಲ್ಲಿ ಬರೀ ನೀರು ಕೊಡಿ. ಮೊದಲು ಅವನೇ ಹಿಡಿದು ಆಡಲಿ, ಗೊಂಬೆಗೆ ಕುಡಿಸಲಿ, ನಿಮ್ಮ ಬಾಯಿಗೂ ಚಿಮ್ಮಿಸಲಿ. ಆಮೇಲೆ ತನ್ನ ಬಾಯಿಗೆ ತಾನೇ ಒತ್ತಿಕೊಳ್ಳಲಿ. ನೀರು ಸಲೀಸಾದ ಮೇಲೆ ಟಾನಿಕ್ 0.2 ಎಂಎಲ್‌ನಿಂದ ಶುರು ಮಾಡಿ, ವಾರದೊಳಗೆ ಪೂರ್ತಿ ಡೋಸಿಗೆ ಬನ್ನಿ. ಇಷ್ಟು ನಿಧಾನಿಸಲು ಆಗುತ್ತದೆಯೋ ಇಲ್ಲವೋ ಎಂಬುದು ಹಿಮೋಗ್ಲೋಬಿನ್ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಡಾಕ್ಟರ ಒಪ್ಪಿಗೆ ಇಲ್ಲದೆ ಮಾಡಬೇಡಿ.

ರುಚಿಯ ವಿಷಯ

ಕಬ್ಬಿಣದ ಆ ಲೋಹದ ರುಚಿಯಲ್ಲಿ ಬಹುಪಾಲು ವಾಸನೆ. ಬಾಯಿಯ ಹಿಂದಿನಿಂದ ಮೂಗಿಗೆ ಏರುವುದು ಅದೇ. ತಂಪು ಮಾಡಿದರೆ ವಾಸನೆಯೂ ರುಚಿಯೂ ತಗ್ಗುತ್ತವೆ. ಲೇಬಲ್ಲಿನಲ್ಲಿ ಫ್ರಿಜ್ ಬೇಡ ಎಂದಿಲ್ಲದಿದ್ದರೆ ಕೊಡುವ ಅರ್ಧ ಗಂಟೆ ಮೊದಲು ಬಾಟಲಿ ಫ್ರಿಜ್‌ನಲ್ಲಿಡಿ. ಟಾನಿಕ್‌ಗೆ ಮೊದಲು ಫ್ರೀಜರಿನಲ್ಲಿಟ್ಟ ಹಣ್ಣಿನ ತಿರುಳನ್ನು ಎರಡು ಸಲ ನೆಕ್ಕಿಸಿದರೆ ನಾಲಿಗೆ ಸ್ವಲ್ಪ ಮರಗಟ್ಟುತ್ತದೆ. ಮಂಜುಗಡ್ಡೆಯ ತುಂಡು ಕೊಡಬೇಡಿ, ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ತಕ್ಷಣ ಎರಡು ಗುಟುಕು ಕಿತ್ತಳೆ ರಸ. ಹುಳಿ ಬಾಯಿ ತೊಳೆಯುತ್ತದೆ, ಅದರ ವಿಟಮಿನ್ ಸಿ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಚಾಕೊಲೇಟಿಗೆ ರುಚಿ ಮುಚ್ಚುವ ಶಕ್ತಿ ಇದೆ ನಿಜ, ಆದರೆ ಕೋಕೋ ಕಬ್ಬಿಣವನ್ನು ತಡೆಯುತ್ತದೆ. ಅದನ್ನು ಬೇರೆ ಕಹಿ ಔಷಧಗಳಿಗೆ ಇಟ್ಟುಕೊಳ್ಳಿ.

ಬೆರೆಸಿಯೇ ಕೊಡಬೇಕೆಂದಿದ್ದರೆ ಅವನ ಕಣ್ಣೆದುರೇ ಬೆರೆಸಿ, ಅದೂ ಎರಡು ಟೀ ಚಮಚ, ಅಂದರೆ 10 ಎಂಎಲ್ ಹುಳಿ ಹಣ್ಣಿನ ರಸದಲ್ಲಿ ಮಾತ್ರ. ಲೋಟದ ತುಂಬ ಬೆರೆಸಿದರೆ ಅರ್ಧ ಕುಡಿದು ಬಿಟ್ಟಾಗ ಅರ್ಧ ಡೋಸ್ ಹೋಯಿತೆಂದೇ ಲೆಕ್ಕ. ಬಿಸಿ ಪದಾರ್ಥದಲ್ಲಿ ಬೇಡ. ಒಂದು ವರ್ಷದೊಳಗಿನ ಕೂಸಿಗೆ ಜೇನು ಯಾವ ಕಾರಣಕ್ಕೂ ಕೊಡಬಾರದು, ಬೊಟುಲಿಸಂ ಎಂಬ ಜೀವಾಪಾಯದ ಕಾಯಿಲೆ ಬರುವ ಸಾಧ್ಯತೆ ಇದೆ.

‘ಇದು ಸಿಹಿ, ಚಾಕೊಲೇಟ್ ಥರ ಇದೆ’ ಎಂದು ಹೇಳಬೇಡಿ. ಸುಳ್ಳು ಎಂದು ಮೊದಲ ಹನಿಗೇ ಗೊತ್ತಾಗುತ್ತದೆ, ಟಾನಿಕ್ಕನ್ನು ಮಿಠಾಯಿ ಎಂದು ನಂಬಿದ ಮಗು ಒಂದು ದಿನ ಬಾಟಲಿ ಎತ್ತಿ ಕುಡಿಯಲೂಬಹುದು. ‘ಇದು ಔಷಧ, ರುಚಿ ಚೆನ್ನಾಗಿಲ್ಲ, ಮೂರು ಗುಟುಕು, ಆಮೇಲೆ ಜ್ಯೂಸ್’ ಎಂದರೆ ಸಾಕು. ‘ಕುಡೀತೀಯಾ?’ ಎಂದು ಕೇಳಿದರೆ ಉತ್ತರ ‘ಬೇಡ’. ‘ಅಮ್ಮ ಹಾಕಬೇಕಾ, ನೀನೇ ಒತ್ತಿಕೊಳ್ತೀಯಾ?’ ಎಂದು ಕೇಳಿ. ಮೂರು ಗುಟುಕು ಎಂದಮೇಲೆ ನಾಲ್ಕನೆಯದು ಬೇಡ, ಉಳಿದಿದ್ದರೂ ಬೇಡ. ಮುಗಿದ ಕೂಡಲೇ ಕೈಗೆ ಒಂದು ಸ್ಟಿಕ್ಕರ್ ಅಂಟಿಸಿ. ಐದು ನಿಮಿಷದಲ್ಲಿ ಆಗದಿದ್ದರೆ ಆ ದಿನದ್ದು ಬಿಡಿ, ಬೈಗುಳವಿಲ್ಲದೆ.

ಯಾವ ಹೊತ್ತು?

ಹಾಲು, ಮೊಸರು, ಚಹಾ, ಕ್ಯಾಲ್ಸಿಯಂ ಟಾನಿಕ್ ಇವುಗಳಿಂದ ಎರಡು ಗಂಟೆ ದೂರ. ರಾತ್ರಿ ಹಲ್ಲುಜ್ಜುವ ಮೊದಲಿನ ಹೊತ್ತು ಒಳ್ಳೆಯದು. ಟಾನಿಕ್, ಜ್ಯೂಸ್, ಬ್ರಷ್, ನಿದ್ದೆ. ದ್ರವರೂಪದ ಕಬ್ಬಿಣ ಹಲ್ಲಿನ ಮೇಲೆ ಕಂದು ಕಲೆ ಬಿಡುತ್ತದೆ, ಹಾಗಾಗಿ ಬ್ರಷ್ ಹೇಗೂ ಬೇಕು. ಮಲಗುವಾಗ ಹಾಲು ಕುಡಿಯುವ ರೂಢಿ ಇದ್ದರೆ ಅದನ್ನು ಸಂಜೆಗೆ ಸರಿಸಿ. ಖಾಲಿ ಹೊಟ್ಟೆಯಲ್ಲಿ ವಾಂತಿಯಾಗುವುದಾದರೆ ಊಟದ ಜೊತೆಗೇ ಕೊಡಿ. ಮೈಗೆ ಹತ್ತುವುದು ಸ್ವಲ್ಪ ಕಡಿಮೆ, ವಾಂತಿಯಾಗಿ ಹೋಗುವುದಕ್ಕಿಂತ ಎಷ್ಟೋ ವಾಸಿ. ಮಲ ಕಪ್ಪಾದರೆ ಗಾಬರಿ ಬೇಡ, ಕಬ್ಬಿಣ ತೆಗೆದುಕೊಂಡರೆ ಹಾಗೇ. ಮಲಬದ್ಧತೆ ಬಂದರೆ ಮಾತ್ರ ಸುಮ್ಮನಿರಬೇಡಿ, ನೋವಾಗುವ ಮಗು ಊಟವನ್ನೂ ಬಿಡುತ್ತದೆ.

ಅಂದಹಾಗೆ, ದಿನಕ್ಕೆ ಎಷ್ಟು ಹಾಲು ಕುಡಿಯುತ್ತಿದ್ದ? ಅರ್ಧ ಲೀಟರಿಗಿಂತ ಬಹಳ ಹೆಚ್ಚಾಗಿದ್ದರೆ ರಕ್ತ ಕಡಿಮೆಯಾಗಲು ಅದೂ ಒಂದು ಕಾರಣವಿರಬಹುದು. ಹಾಲಿನಲ್ಲಿ ಕಬ್ಬಿಣ ಅತ್ಯಲ್ಪ, ಅದು ಹೊಟ್ಟೆ ತುಂಬಿಸಿ ಊಟದ ಹಸಿವನ್ನೂ ಕೊಲ್ಲುತ್ತದೆ. ಕಬ್ಬಿಣಾಂಶ ಕಡಿಮೆಯಾದರೆ ಹಸಿವು ಇನ್ನೂ ಕುಗ್ಗುತ್ತದೆ. ನಿಮ್ಮ ಮಗನ ಊಟದ ತಕರಾರಿನಲ್ಲಿ ಒಂದಷ್ಟು ಪಾಲು ಇದರದ್ದೇ ಆಗಿದ್ದರೆ ಆಶ್ಚರ್ಯವಿಲ್ಲ.

ಉಗುಳಿದರೆ ಮತ್ತೆ ಕೊಡಬೇಕೇ? ಎಷ್ಟು ಒಳಗೆ ಹೋಯಿತು ಎಂದು ಗೊತ್ತಿಲ್ಲದಾಗ ಕೊಡಬೇಡಿ. ಮರೆತ ದಿನದ್ದನ್ನು ಮರುದಿನ ಸೇರಿಸಿ ಎರಡು ಪಾಲು ಕೊಡುವುದೂ ತಪ್ಪು. ಎಲ್ಲ ಸರಿಯಾಗಿ ನಡೆದರೆ ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಸಹಜ ಮಟ್ಟಕ್ಕೆ ಬಂದ ಮೇಲೂ ಮೈಯೊಳಗಿನ ದಾಸ್ತಾನು ತುಂಬಲು ಇನ್ನೆರಡು ಮೂರು ತಿಂಗಳು ಮುಂದುವರಿಸುತ್ತಾರೆ. ಇಷ್ಟು ತಿಂಗಳು ದಿನಾ ಕೈಕಾಲು ಹಿಡಿದು ಕುಡಿಸಲು ಯಾರಿಂದಲೂ ಆಗುವುದಿಲ್ಲ.

ಗಮ್ಮಿ ತಂದರೆ ಆಗದೇ ಎಂದು ಕೇಳುವವರಿದ್ದಾರೆ. ಬಹಳಷ್ಟು ಗಮ್ಮಿಗಳಲ್ಲಿ ಕಬ್ಬಿಣವೇ ಇರುವುದಿಲ್ಲ, ಲೇಬಲ್ ಓದಿ. ನಾಲ್ಕು ವರ್ಷದೊಳಗಿನವರಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಬೇರೆ. ಆರರ ಆಸುಪಾಸಿನಲ್ಲಿ ಎಷ್ಟೋ ಮಕ್ಕಳು ಮಾತ್ರೆ ನುಂಗಲು ಕಲಿಯುತ್ತಾರೆ, ಅಲ್ಲಿಯವರೆಗೆ ದ್ರವವೇ ಗತಿ. ದೊಡ್ಡವರ ಮಾತ್ರೆಯನ್ನು ಫಾರ್ಮಸಿಸ್ಟನ್ನು ಕೇಳದೆ ಪುಡಿ ಮಾಡಬೇಡಿ, ನಿಧಾನವಾಗಿ ಕರಗುವಂತೆ ಮಾಡಿದ್ದರೆ ಪುಡಿಯಾದಾಗ ಎಲ್ಲವೂ ಒಮ್ಮೆಗೇ ಹೊಟ್ಟೆಗೆ ಬಿಡುಗಡೆಯಾಗುತ್ತದೆ.

ಬಾಟಲಿಯನ್ನು ಬೀಗ ಹಾಕುವ ಕಪಾಟಿನಲ್ಲೇ ಇಡಿ. ಕಬ್ಬಿಣ ಹೆಚ್ಚಾಗಿ ಹೊಟ್ಟೆಗೆ ಹೋಗಿ ಪುಟ್ಟ ಮಕ್ಕಳು ಸತ್ತಿದ್ದುಂಟು. ದೊಡ್ಡವರ, ಅದರಲ್ಲೂ ಗರ್ಭಿಣಿಯರ ಐರನ್ ಮಾತ್ರೆಗಳು ಇನ್ನೂ ಅಪಾಯಕಾರಿ. ಕುಡಿದುಬಿಟ್ಟ ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಮೊದಲ ವಾಂತಿಭೇದಿ ನಿಂತು ಮಗು ಸರಿಹೋದಂತೆ ಕಂಡು ಮತ್ತೆ ಹದಗೆಡುವುದು ಈ ವಿಷದ ಸ್ವಭಾವ.

ಎರಡು ವಾರ ಹೀಗೆ ಮಾಡಿಯೂ ಅರ್ಧ ಡೋಸ್ ಕೂಡ ಹೋಗದಿದ್ದರೆ, ತೂಕ ಇಳಿಯುತ್ತಿದ್ದರೆ, ತಿನ್ನುವ ಪದಾರ್ಥಗಳು ಒಂದೊಂದಾಗಿ ಕಡಿಮೆಯಾಗುತ್ತಿದ್ದರೆ, ಗಟ್ಟಿ ಊಟಕ್ಕೆ ಪ್ರತಿ ಸಲ ಓಕರಿಸುತ್ತಿದ್ದರೆ ಮತ್ತೆ ಡಾಕ್ಟರ ಹತ್ತಿರ ಹೋಗಿ. ಇದು ಬರೀ ಹಠವಲ್ಲದಿರಬಹುದು. ಎಆರ್‌ಎಫ್‌ಐಡಿ ಎಂಬ ಊಟ ತಪ್ಪಿಸುವ ಸಮಸ್ಯೆ 2013ರಿಂದ ಮನೋವೈದ್ಯರ ಕಾಯಿಲೆಗಳ ಪಟ್ಟಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿಯೇ ಇದೆ, ಅದಕ್ಕೆ ನುರಿತ ಥೆರಪಿಸ್ಟರಿದ್ದಾರೆ. ಹೋಗುವಾಗ ಮೂರು ಸಂಗತಿ ಬರೆದುಕೊಂಡು ಹೋಗಿ: ದಿನಾ ಎಷ್ಟು ಎಂಎಲ್ ಟಾನಿಕ್ ಒಳಗೆ ಹೋಯಿತು, ಎಷ್ಟು ಹಾಲು ಕುಡಿದ, ಈಗ ತಪ್ಪದೆ ತಿನ್ನುವ ಪದಾರ್ಥಗಳು ಯಾವುವು.