ಜಾಲಿ ಕಡಿದರೆ ಇದ್ದಿಲು, ಬಿಟ್ಟರೆ ಮತ್ತೆ ಜಾಲಿ

ಹೆಸರಿಗಷ್ಟೇ ಅದು ಬಳ್ಳಾರಿ ಜಾಲಿ. ಈ ಮುಳ್ಳುಮರದ ತವರು ಅಮೆರಿಕ ಖಂಡದ ಒಣಸೀಮೆ. 1876-78ರ ಬರದ ಹೊತ್ತಿಗೆ ಬಳ್ಳಾರಿ, ಕಡಪ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. 1877ರಲ್ಲಿ ಕಡಪ ಜಿಲ್ಲೆಯಲ್ಲಿ ಸೌದೆಗೆಂದು ಇದನ್ನು ಬೆಳೆಸಿದರು. ಮುಂದಿನ ಬಿತ್ತನೆ ಆಡು-ಕುರಿಗಳದ್ದು: ಸಿಹಿ ಕಾಯಿ ತಿಂದು, ಬೀಜವನ್ನು ಹಿಕ್ಕೆಯಲ್ಲಿ ಊರೂರಿಗೆ ಹಂಚಿದವು. ಎಲೆಗೆ ಮಾತ್ರ ಬಾಯಿ ಹಾಕಲಿಲ್ಲ. 1953ರ ನಂತರ ತುಂಗಭದ್ರಾ ಕಾಲುವೆ ಹರಿದ ಸೀಮೆಯಲ್ಲಿ ಉಪ್ಪೇರಿ, ನೀರು ನಿಂತು ಸವಳು-ಜವಳಾಗಿ ಬೀಳುಬಿದ್ದ ಹೊಲಗಳೂ ಅದರ ಪಾಲಾದವು. ಉಪ್ಪುನೆಲಕ್ಕೂ ಅಂಜದ ಗಿಡ ಅದು.

ಇದರ ಕಟ್ಟಿಗೆ ಗಟ್ಟಿ, ತೂಕದ್ದು. ತಂದೂರಿ ಒಲೆಗೂ ಕಬಾಬಿನ ಕೆಂಡಕ್ಕೂ ಬೇಕಾದ್ದು ಇಂಥ ಕಟ್ಟಿಗೆಯ ಇದ್ದಿಲೇ.

ಇದ್ದಿಲು ಸುಡಲು ಮಣಿಕಟ್ಟಿನಿಂದ ತೋಳಿನ ದಪ್ಪದವರೆಗಿನ ಕೊರಡುಗಳನ್ನು ಎರಡು-ಮೂರು ಅಡಿಗೆ ತುಂಡರಿಸಿ, ಬೇಸಿಗೆಯಲ್ಲಾದರೆ ಮೂರ್ನಾಲ್ಕು ವಾರ ಒಣಗಿಸಬೇಕು. ಹಸಿ ಕಟ್ಟಿಗೆ ಪೇರಿಸಿದರೆ ಅದರ ನೀರು ಆರಿಸಲಿಕ್ಕೇ ಒಂದಿಷ್ಟು ಕಟ್ಟಿಗೆ ಉರಿದು ಬೂದಿಯಾಗುತ್ತದೆ. ನೀರು ನಿಲ್ಲದ ಜಾಗದಲ್ಲಿ, ಕೆಳಗೆ ಗಾಳಿಯಾಡಲು ಅಡ್ಡಮರ ಹಾಸಿ, ನಡುವೆ ಕಿಂಡಿ ಬಿಟ್ಟು, ದಪ್ಪನೆಯವು ಒಳಗೆ, ಸಣ್ಣವು ಹೊರಗೆ ಬರುವಂತೆ ನಿಲ್ಲಿಸುತ್ತಾರೆ. ಮೇಲೆ ಭತ್ತದ ಹುಲ್ಲು, ಅದರ ಮೇಲೆ ನಾಲ್ಕರಿಂದ ಆರು ಇಂಚು ಹಸಿಮಣ್ಣು. ಈ ಗುಡ್ಡೆಯೇ ಭಟ್ಟಿ. ಇಲ್ಲೊಂದು ಎಚ್ಚರ: ಎರೆಮಣ್ಣು ಕಾದೊಡನೆ ಬಿರಿಯುತ್ತದೆ, ಬಿರುಕಿನಲ್ಲಿ ಗಾಳಿ ನುಗ್ಗುತ್ತದೆ. ಮರಳು ಬೆರೆತ ಮಸಾರಿಯೇ (ಕೆಂಪು ಮಣ್ಣೇ) ಸರಿ.

ಕಿಂಡಿಯಲ್ಲಿ ಕೆಂಡ ಸುರಿದು, ಉರಿ ಹಿಡಿದ ಮೇಲೆ ಅದನ್ನು ಮುಚ್ಚಿದರೆ, ಉಳಿದದ್ದು ಹೊಗೆ ನೋಡುವ ಕೆಲಸ. ಮೊದಲು ದಟ್ಟ ಬಿಳಿ ಹೊಗೆ. ಅದು ನೀರಿನ ಆವಿ. ಸುಮಾರು 280 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಟ್ಟಿಗೆ ತನ್ನೊಳಗೇ ಶಾಖ ಹುಟ್ಟಿಸಿಕೊಳ್ಳುತ್ತದೆ. ಆಗ ಬರುವುದು ಕಣ್ಣುರಿಸುವ ಹಳದಿ ಹೊಗೆ. ತೆಳು ನೀಲಿಗೆ ತಿರುಗಿದರೆ ಆ ಬದಿ ಬೆಂದಿದೆ ಎಂದರ್ಥ. ಮಣ್ಣಿನಲ್ಲಿ ಗಾಳಿಗೆಂದು ಬಿಟ್ಟ ಅಲ್ಲಿನ ತೂತು ಮುಚ್ಚಿ, ಕೆಳಗಿನದನ್ನು ತೆರೆಯಬೇಕು. ಗುಡ್ಡೆ ಎಲ್ಲಾದರೂ ಕುಸಿದರೆ ತಕ್ಷಣ ಮಣ್ಣು ತುಂಬಬೇಕು; ರಾತ್ರಿ ನಿದ್ದೆಗೆ ಜಾರಿದರೆ ಬೆಳಿಗ್ಗೆ ಸಿಗುವುದು ಬೂದಿ. ಎರಡು-ಮೂರು ಟನ್ನಿನ ಭಟ್ಟಿ ಬೇಯಲು ನಾಲ್ಕೈದು ದಿನ, ಆರಲು ಇನ್ನೆರಡು-ಮೂರು ದಿನ. ಅವಸರದಲ್ಲಿ ತೆರೆದರೆ ಗಾಳಿ ಸೋಕಿ ಮತ್ತೆ ಹೊತ್ತಿಕೊಳ್ಳುತ್ತದೆ. ತೆಗೆದ ಇದ್ದಿಲನ್ನೂ ಒಂದು ದಿನ ಬಯಲಲ್ಲಿ ಹರಡದೆ ಲಾರಿಗೆ ತುಂಬಬಾರದು.

ಚೆನ್ನಾಗಿ ನಡೆದರೆ ಐದು ಕಿಲೊ ಒಣಕಟ್ಟಿಗೆಗೆ ಒಂದು ಕಿಲೊ ಇದ್ದಿಲು. ಕೊಳ್ಳುವವರು ತಟ್ಟಿ ನೋಡಲಿ: ಪಕ್ವವಾದದ್ದು ಠಣ್ಣೆನ್ನುತ್ತದೆ, ಮುರಿದರೆ ಹೊಳೆಯುತ್ತದೆ. ಒಳಗೆ ಕಂದು ಕಂಡರೆ ಅರೆಬೆಂದದ್ದು. ಅದರ ಹೊಗೆಗೆ ಮಾಂಸವೂ ಡಾಂಬರಿನ ವಾಸನೆ ಹೊಡೆಯುತ್ತದೆ. ಗ್ರಿಲ್ಲಿಗೆ ಮೊಟ್ಟೆಯಿಂದ ಮುಷ್ಟಿ ಗಾತ್ರದ ತುಂಡು ಬೇಕು. ಪುಡಿ ಗಾಳಿಯ ದಾರಿ ಕಟ್ಟುವುದರಿಂದ ಜರಡಿ ಹಿಡಿದು ತೆಗೆಯಬೇಕು.

ಭಟ್ಟಿ ಹೆಚ್ಚಿದರೆ ಜಾಲಿ ತೊಲಗುತ್ತದೆಂಬ ಮಾತನ್ನು ಮಾತ್ರ ನಂಬುವಂತಿಲ್ಲ. ಕಾಂಡ ಕಡಿದ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಹೊಲ ಹಸನಾಗಬೇಕಿದ್ದರೆ ಬುಡವನ್ನೇ ಬೇರುಸಮೇತ ಕೀಳಿಸಬೇಕು, ಜೆಸಿಬಿ ಬಾಡಿಗೆ ಕೊಡಬೇಕು. ಇದ್ದಿಲು ಸುಡುವವರಿಗೆ ಅದು ಬೇಕಿಲ್ಲ. ಬುಡ ಉಳಿದರೆ ಕೆಲವೇ ವರ್ಷಗಳಲ್ಲಿ ಮುಂದಿನ ಭಟ್ಟಿಯ ಕಟ್ಟಿಗೆ ಅಲ್ಲೇ ಸಿಗುತ್ತದೆ.