ಶಾರ್ಟ್‌ವೇವ್ ರೇಡಿಯೊಗೆ ಎಷ್ಟು ಉದ್ದದ ವೈರ್ ಕಟ್ಟಬೇಕು?

ಪ್ರಶ್ನೆ: ಹೊಸದಾಗಿ ಪೋರ್ಟಬಲ್ ಶಾರ್ಟ್‌ವೇವ್ ರೇಡಿಯೊ ತಗೊಂಡಿದ್ದೇನೆ. ಎಫ್‌ಎಂ ಚೆನ್ನಾಗಿ ಬರುತ್ತದೆ. ಶಾರ್ಟ್‌ವೇವ್ ಹಾಕಿದರೆ ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೂ ಗುಂಯ್ ಅನ್ನುವ ಸದ್ದು ಬಿಟ್ಟರೆ ಬೇರೇನಿಲ್ಲ. ಎಷ್ಟು ಉದ್ದದ ವೈರ್ ಕಟ್ಟಿದರೆ ಸ್ಟೇಷನ್ ಸಿಗುತ್ತವೆ?

ಉತ್ತರ: ವೈರ್ ಮಾತು ಆಮೇಲೆ. ಮೊದಲು ರೇಡಿಯೊಗೆ ಚುಚ್ಚಿರುವ ಚಾರ್ಜರ್ ಕೀಳಿ. ರೇಡಿಯೊ ಎತ್ತಿಕೊಂಡು ತಾರಸಿಗೆ ಹೋಗಿ, ಏರಿಯಲ್ ಕಡ್ಡಿ ಪೂರ್ತಿ ಎಳೆದು, ರಾತ್ರಿ ಎಂಟರ ಹೊತ್ತಿಗೆ 9400ರಿಂದ 9900 ಕಿಲೋಹರ್ಟ್ಸ್‌ವರೆಗೆ ಐದೈದು ಕಿಲೋಹರ್ಟ್ಸ್ ಹಂತದಲ್ಲಿ ನಿಧಾನವಾಗಿ ತಿರುಗಿಸಿ. ಹತ್ತರಲ್ಲಿ ಎಂಟು ಜನರ ದೂರು ಅಲ್ಲಿಗೆ ಮುಗಿಯುತ್ತದೆ. ರೇಡಿಯೊ ಕೆಟ್ಟಿಲ್ಲ, ಶಾರ್ಟ್‌ವೇವ್ ನಿಂತೂ ಹೋಗಿಲ್ಲ. ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಯಲ್ಲಿ ನಿಂತಾಗ ಎಲ್ಲವೂ ಮುಗಿಯಿತು ಎಂದುಕೊಂಡವರು ಬಹಳ. ಆಗಿನಷ್ಟು ಸ್ಟೇಷನ್‌ಗಳು ಈಗ ಇಲ್ಲ ಎನ್ನುವುದು ನಿಜ. ಆದರೆ ಸಂಜೆಯಾದರೆ 31 ಮೀಟರ್ (9 ಮೆಗಾಹರ್ಟ್ಸ್‌ನದು), 25 ಮೀಟರ್ (11 ಮೆಗಾಹರ್ಟ್ಸ್‌ನದು) ಬ್ಯಾಂಡುಗಳಲ್ಲಿ ಇಂದಿಗೂ ಜಾಗ ಸಾಲದಷ್ಟು ದನಿಗಳಿವೆ.

ಇನ್ನು ಆ ವೈರ್. "ಸ್ಟೇಷನ್ ಬರ್ತಿಲ್ಲ ಅಂದ್ರೆ ಏರಿಯಲ್ ಉದ್ದ ಸಾಲದು" ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅದನ್ನು ಅಲುಗಾಡಿಸಲು ಪ್ರತಿ ಸಲವೂ ಮೊದಲಿಂದ ಶುರು ಮಾಡಬೇಕು. ಮಾಡೋಣ.

ಈ ನಂಬಿಕೆ ಹುಟ್ಟಿದ್ದು ವಾಲ್ವ್ ರೇಡಿಯೊ ಕಾಲದಲ್ಲಿ. ಸೂರಿನ ಎರಡು ಕಂಬಗಳ ನಡುವೆ ಬಲೆಯಂಥ ಏರಿಯಲ್ ಕಟ್ಟುತ್ತಿದ್ದರು, ಅದು ಕೆಲಸವನ್ನೂ ಮಾಡುತ್ತಿತ್ತು. ಆಗಿನ ಮನೆಯಲ್ಲಿ ವಿದ್ಯುತ್ ಅಂದರೆ ನಾಲ್ಕು ಬುರುಡೆ ಬಲ್ಬು, ಹೆಚ್ಚೆಂದರೆ ಒಂದು ಫ್ಯಾನು. ಬುರುಡೆ ಬಲ್ಬಿನೊಳಗೆ ಇರುವುದು ಬಿಸಿಯಾಗುವ ಒಂದು ತಂತಿ ಮಾತ್ರ. ಅದು ರೇಡಿಯೊ ಸದ್ದು ಹೊರಡಿಸುವುದಿಲ್ಲ. ಈಗ ಅದೇ ಹೋಲ್ಡರಿನಲ್ಲಿ ಒಂಬತ್ತು ವ್ಯಾಟಿನ ಎಲ್‌ಇಡಿ ಬಲ್ಬಿದೆ. ಅದರ ಬುಡದಲ್ಲಿ ಒಂದು ಪುಟ್ಟ ಸರ್ಕ್ಯೂಟು ಕೂತು, ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಕಡಿದು ಕೊಡುತ್ತದೆ. ಹಾಗೆ ಕಡಿಯುವಾಗ ಹುಟ್ಟುವ ಗದ್ದಲ ಆ ಒಂದು ಆವರ್ತನದಲ್ಲೇ ನಿಲ್ಲುವುದಿಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ನೂರಾರು ಪಟ್ಟಿನವರೆಗೂ ಏರುತ್ತಾ ಮೀಡಿಯಂವೇವ್ ದಾಟಿ ಶಾರ್ಟ್‌ವೇವ್ ಪೂರ್ತಿ ಹರಡುತ್ತದೆ. ಒಳ್ಳೆಯ ಬಲ್ಬಿನಲ್ಲಿ ಈ ಗದ್ದಲ ಹೊರಗೆ ಬಾರದಂತೆ ತಡೆಯುವ ಒಂದು ಸುರುಳಿ, ಒಂದು ಕೆಪಾಸಿಟರ್ ಇರುತ್ತವೆ. ಅಗ್ಗದ ಬಲ್ಬಿನಲ್ಲಿ ದುಡ್ಡು ಉಳಿಸಲು ಮೊದಲು ಕೈಬಿಡುವುದೇ ಅವನ್ನು. ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆಯ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಬಿಎಲ್‌ಡಿಸಿ ಫ್ಯಾನು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಯುಪಿಎಸ್, ಸೋಲಾರ್ ಕಂಟ್ರೋಲರ್, ಎಲ್ಲದರದೂ ಇದೇ ಕಥೆ. ಗೋಡೆಯೊಳಗೆ ಓಡಾಡುವ ನಿಮ್ಮ ಮನೆಯ ವೈರಿಂಗೇ ಆ ಗದ್ದಲವನ್ನು ಪ್ರಸಾರ ಮಾಡುವ ಏರಿಯಲ್.

ಅಂಥ ಮನೆಯ ಕಿಟಕಿಯಿಂದ ಕಿಟಕಿಗೆ ಇಪ್ಪತ್ತು ಅಡಿ ವೈರ್ ಕಟ್ಟಿ ರೇಡಿಯೊದ ಕಡ್ಡಿಗೆ ಸುತ್ತಿದರೆ ಏನಾಗುತ್ತದೆ? ಸ್ಟೇಷನ್ನೂ ಹೆಚ್ಚುತ್ತದೆ, ಗದ್ದಲವೂ ಹೆಚ್ಚುತ್ತದೆ. ಗದ್ದಲದ ಮೂಲ ಎರಡು ಮಾರು ದೂರದಲ್ಲಿದೆ, ಸ್ಟೇಷನ್ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿದೆ. ಹೆಚ್ಚು ಹಿಗ್ಗುವುದು ಯಾವುದು, ನೀವೇ ಹೇಳಿ.

ಇದನ್ನು ಕಣ್ಣಾರೆ ನೋಡಬಹುದು. ಟೆಕ್ಸನ್ ಪಿಎಲ್-310ಇಟಿ, ಪಿಎಲ್-330, ಎಕ್ಸ್‌ಎಚ್‌ಡೇಟಾ ಡಿ-808 ಇಂಥ ರೇಡಿಯೊಗಳ ಪರದೆಯಲ್ಲಿ ಎರಡು ಅಂಕಿಗಳು ಕಾಣುತ್ತವೆ. ಒಂದು ಏರಿಯಲ್‌ನಿಂದ ಬರುವ ಒಟ್ಟು ಬಲ. ಇನ್ನೊಂದು ಗದ್ದಲಕ್ಕಿಂತ ಸ್ಟೇಷನ್ ಎಷ್ಟು ಮೇಲಿದೆ ಎನ್ನುವ ಲೆಕ್ಕ. ಮನೆಯೊಳಗೆ ವೈರ್ ಕಟ್ಟಿದಾಗ ಮೊದಲನೆಯದು 20ರಿಂದ 45ಕ್ಕೆ ಜಿಗಿಯುತ್ತದೆ, ಎರಡನೆಯದು ಸೊನ್ನೆಯಲ್ಲೇ ಕೂತಿರುತ್ತದೆ. ಮೊದಲ ಅಂಕಿ ನೋಡಿ ಹಿಗ್ಗುವವರು ಬಹಳ. ಕಿವಿಗೆ ಬೇಕಾದದ್ದು ಎರಡನೆಯದು. ತಾರಸಿಯಲ್ಲಿ ಬರೀ ಕಡ್ಡಿಯಿಂದಲೇ ಮೊದಲನೆಯದು 25, ಎರಡನೆಯದು 15 ಇದ್ದರೆ ಆ ಸ್ಟೇಷನ್ ಹಾಯಾಗಿ ಕೇಳಬಹುದು. ಶಾರ್ಟ್‌ವೇವ್‌ನಲ್ಲಿ ಇಂದಿನ ರೇಡಿಯೊಗಳ ಸೂಕ್ಷ್ಮತೆಗೆ ಕೊರತೆಯಿಲ್ಲ. ಕೊರತೆ ಇರುವುದು ನಿಶ್ಶಬ್ದಕ್ಕೆ.

ಗದ್ದಲ ನಿಮ್ಮ ಮನೆಯದೋ ಹೊರಗಿನದೋ ತಿಳಿಯಲು ಕರೆಂಟ್ ಹೋದಾಗ ಕೇಳಿ ಎಂದು ಅನೇಕರು ಹೇಳುತ್ತಾರೆ. ಸಲಹೆ ಒಳ್ಳೆಯದೇ, ಆದರೆ ಅರ್ಧ. ಕರೆಂಟ್ ಹೋದ ಗಳಿಗೆಗೆ ನಿಮ್ಮ ಮನೆಯ ಯುಪಿಎಸ್ ಎದ್ದು ಕೂರುತ್ತದೆ, ಅದರಲ್ಲೂ ಸ್ಕ್ವೇರ್‌ವೇವ್ ಇನ್ವರ್ಟರ್ ಇದ್ದರೆ ಮೊದಲಿಗಿಂತ ಜಾಸ್ತಿ ಗಲಾಟೆ. ಹಾಗಾಗಿ ಸರಿಯಾದ ಕ್ರಮ ಹೀಗೆ: ರೇಡಿಯೊ ಬ್ಯಾಟರಿಯಲ್ಲಿರಲಿ. ಯಾವ ಸ್ಟೇಷನ್ನೂ ಇಲ್ಲದ ಒಂದು ಖಾಲಿ ಜಾಗಕ್ಕೆ ತಿರುಗಿಸಿ, ವಾಲ್ಯೂಮ್ ಮಧ್ಯಕ್ಕಿಟ್ಟು ಸದ್ದನ್ನು ಚೆನ್ನಾಗಿ ಗಮನಿಸಿ. ಈಗ ಮೇನ್ ಸ್ವಿಚ್ ಇಳಿಸಿ, ಯುಪಿಎಸ್ಸನ್ನೂ ಅದರ ಗುಂಡಿ ಒತ್ತಿ ಆರಿಸಿ. ಗುಂಯ್ ಸದ್ದು ತಟ್ಟನೆ ಕುಸಿದು ಸಣ್ಣ ಸೋ ಸದ್ದಷ್ಟೇ ಉಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಮತ್ತೆ ಮೇನ್ ಹಾಕಿ, ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಸದ್ದು ಎದ್ದಿತೋ ಅದನ್ನು ಗುರುತು ಮಾಡಿಕೊಳ್ಳಿ. ಒಂದೇ ಕಂಪನಿಯ ಎರಡು ಬಲ್ಬುಗಳಲ್ಲೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ಕೋಣೆಗೊಂದು ನೋಡಿ ಸಾಕು ಎನ್ನಬೇಡಿ. ಸ್ವಿಚ್ ಬೋರ್ಡಿನಲ್ಲಿ ಮೊಬೈಲ್ ಇಲ್ಲದೆ ಖಾಲಿ ನೇತಾಡುವ ಚಾರ್ಜರ್‌ಗಳನ್ನೂ ಮರೆಯಬೇಡಿ.

ಎಲ್ಲ ಆರಿಸಿದರೂ ಗದ್ದಲ ಇಳಿಯದಿದ್ದರೆ ಅದು ಪಕ್ಕದ ಮನೆಯದು, ಇಲ್ಲವೇ ಬೀದಿದೀಪದ್ದು. ಇಲ್ಲಿ ಮೀಡಿಯಂವೇವ್ ಸಹಾಯಕ್ಕೆ ಬರುತ್ತದೆ. 530 ಕಿಲೋಹರ್ಟ್ಸ್ ಆಸುಪಾಸಿನ ಖಾಲಿ ಜಾಗಕ್ಕೆ ಹಾಕಿ ರೇಡಿಯೊವನ್ನು ನಿಂತ ಹಾಗೆಯೇ ನಿಧಾನವಾಗಿ ಸುತ್ತ ತಿರುಗಿಸಿ. ಒಳಗೆ ಅಡ್ಡ ಮಲಗಿರುವ ಫೆರೈಟ್ ರಾಡಿನ (ಮೀಡಿಯಂವೇವ್‌ಗೆ ಅದೇ ಏರಿಯಲ್) ತುದಿ ಗದ್ದಲದ ಮೂಲಕ್ಕೆ ನೇರವಾದಾಗ ಸದ್ದು ಅತಿ ಕಡಿಮೆಯಾಗುತ್ತದೆ. ಎರಡು ಕಡೆ ನಿಂತು ಹೀಗೆ ದಿಕ್ಕು ಹಿಡಿದರೆ ಎರಡು ಗೆರೆಗಳು ಕೂಡುವಲ್ಲಿ ಅಪರಾಧಿ. ತೋಟದ ಮನೆಯವರಿಗೆ ಇನ್ನೊಂದು ಸದ್ದು ಪರಿಚಯ ಇರಬೇಕು: ಸೆಕೆಂಡಿಗೊಮ್ಮೆ ಟಕ್, ಟಕ್. ಅದು ಸೋಲಾರ್ ಬೇಲಿ. ಬೇಲಿಯ ತಂತಿಗೆ ಹುಲ್ಲೋ ಬಳ್ಳಿಯೋ ತಾಗಿ ಕಿಡಿ ಹಾರುವ ಕಡೆ ಇದು ಜೋರಾಗಿರುತ್ತದೆ. ಬಳ್ಳಿ ಸವರಿದರೆ ಬೇಲಿಗೂ ಒಳ್ಳೆಯದು, ರೇಡಿಯೊಗೂ ಒಳ್ಳೆಯದು.

ಕಳ್ಳ ಸಿಕ್ಕಮೇಲೆ ಮದ್ದು ಸುಲಭ. ಬಲ್ಬಾದರೆ ಬದಲಿಸಿ. ವೈಫೈ ಅಡಾಪ್ಟರ್‌ನಂತೆ ಆರಿಸಲಾಗದ್ದಾದರೆ ಅದರ ವೈರನ್ನು ಫೆರೈಟ್ ಬಳೆಯೊಳಗೆ (ವೈರಿನಲ್ಲಿ ಹರಿಯುವ ಗದ್ದಲವನ್ನು ತಡೆಯುವ ಬಳೆ) ಐದಾರು ಸುತ್ತು ತೂರಿಸಿ. ಬಳೆಯೊಳಗೆ ಒಂದೇ ಸಲ ಹಾಯಿಸಿ "ಏನೂ ಆಗಲಿಲ್ಲ" ಎನ್ನುವವರು ಗಮನಿಸಿ, ಅಡ್ಡಿ ಬೆಳೆಯುವುದು ಸುತ್ತುಗಳ ವರ್ಗದಂತೆ. ಐದು ಸುತ್ತು ಅಂದರೆ ಒಂದು ಸುತ್ತಿನ ಸುಮಾರು ಇಪ್ಪತ್ತೈದು ಪಟ್ಟು. ಇಷ್ಟೂ ಬೇಡವೆಂದರೆ ಜಾಗ ಬದಲಿಸಿ. ಇಂಥ ಗದ್ದಲ ದೂರ ಹೋದಂತೆ ಬಹಳ ಬೇಗ ಇಳಿಯುತ್ತದೆ. ಬಲ್ಬಿನಿಂದ ಎರಡಡಿಯಲ್ಲಿದ್ದ ರೇಡಿಯೊವನ್ನು ಎಂಟಡಿ ಆಚೆ, ಕಿಟಕಿಯ ಹೊರಚಾಚಿನ ಮೇಲೆ ಇಟ್ಟರೂ ಸಾಕಷ್ಟು ಫರಕು. ಆರ್‌ಸಿಸಿ ಮನೆಯ ನಡುಕೋಣೆ ಶಾರ್ಟ್‌ವೇವ್‌ಗೆ ಅತಿ ಕೆಟ್ಟ ಜಾಗ. ಕಾಂಕ್ರೀಟಿನೊಳಗಿನ ಕಬ್ಬಿಣದ ಜಾಲ ಹೊರಗಿನ ಅಲೆಯನ್ನು ತಡೆಯುತ್ತದೆ, ಒಳಗಿನ ಗದ್ದಲ ಮಾತ್ರ ಒಳಗೇ ಇರುತ್ತದೆ. ಹೆಂಚಿನ ಮನೆಯವರು ಪುಣ್ಯವಂತರು. ತಗಡಿನ ಶೀಟಿನವರು ಹೊರಗೆ ಬರಲೇಬೇಕು.

ಹಾಗಾದರೆ ವೈರ್ ಬೇಡವೇ ಬೇಡವೇ? ಬೇಕು, ಸದ್ದಿಲ್ಲದ ಜಾಗದಲ್ಲಿ ಬೇಕು. ಪೋರ್ಟಬಲ್ ರೇಡಿಯೊಗೆ ಐದರಿಂದ ಏಳು ಮೀಟರ್ ತೆಳ್ಳನೆಯ ಇನ್ಸುಲೇಟೆಡ್ ವೈರ್ ಸಾಕು. ಅದರ ಬಹುಪಾಲು ಮನೆಯ ಹೊರಗಿರಬೇಕು, ಗೋಡೆಗೆ ಒತ್ತಿಕೊಂಡಲ್ಲ, ಗೋಡೆಯಿಂದ ದೂರ ಹೋಗುವಂತೆ, ತೆಂಗಿನ ಮರಕ್ಕೋ ತಾರಸಿಯ ಕಂಬಕ್ಕೋ. ತುದಿಯ ಪ್ಲಾಸ್ಟಿಕ್ ಸುಲಿದು ಕಡ್ಡಿಗೆ ಕ್ಲಿಪ್ ಹಾಕಿ, ಇಲ್ಲವೇ ಏರಿಯಲ್ ಸಾಕೆಟ್ ಇದ್ದರೆ ಅದಕ್ಕೆ ಚುಚ್ಚಿ. ಇದಕ್ಕಿಂತ ಉದ್ದ ಮಾಡಿದರೆ ಚಿಕ್ಕ ರೇಡಿಯೊಗಳು ತಾಳುವುದಿಲ್ಲ. ಬಲವಾದ ಸ್ಟೇಷನ್‌ಗಳು ಒಳನುಗ್ಗಿ ಒಂದರ ಮೇಲೊಂದು ಬಿದ್ದು, ಇಲ್ಲದ ಜಾಗಗಳಲ್ಲಿ ಅವುಗಳ ದನಿ ಕೇಳಿಸುತ್ತದೆ. 455 ಕಿಲೋಹರ್ಟ್ಸ್‌ನ ಒಂದೇ ಮಧ್ಯಂತರ ಆವರ್ತನ (ಹಿಡಿದ ಸ್ಟೇಷನ್ನನ್ನು ರೇಡಿಯೊ ಒಳಗೆ ಬದಲಿಸಿಕೊಳ್ಳುವ ಆವರ್ತನ) ಇಟ್ಟುಕೊಂಡ ಅಗ್ಗದ ಸೆಟ್ಟುಗಳಲ್ಲಿ ಆ ಭೂತ ಸರಿಯಾಗಿ 910 ಕಿಲೋಹರ್ಟ್ಸ್ ಕೆಳಗೆ ಕಾಣಿಸಿಕೊಳ್ಳುತ್ತದೆ: 11900ರ ಸ್ಟೇಷನ್ 10990ರಲ್ಲಿ. ಅಂಥದ್ದು ಕಂಡರೆ ಸೂಕ್ಷ್ಮತೆ ತಗ್ಗಿಸುವ ಲೋಕಲ್-ಡಿಎಕ್ಸ್ ಸ್ವಿಚ್ಚನ್ನು ಲೋಕಲ್‌ಗೆ ತಳ್ಳಿ, ಅಥವಾ ವೈರ್ ಮೊಟಕು ಮಾಡಿ. ಕರೆಂಟ್ ಕಂಬದ ತಂತಿಯ ಮೇಲೆ ಹಾದುಹೋಗುವಂತೆ ವೈರ್ ಎಸೆಯುವುದು, ಮನೆಯ ಮೂರು ಪಿನ್ನಿನ ಅರ್ಥ್ ತೂತಿಗೆ ಚುಚ್ಚುವುದು ಎರಡೂ ಪ್ರಾಣಕ್ಕೆ ಎರವು, ಮಾಡಲೇಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮುಂಚೆಯೇ ವೈರ್ ಕಳಚಿ ಹೊರಗೆ ಹಾಕಿ. ಸಿಡಿಲು ಮೇಲೆಯೇ ಬೀಳಬೇಕಿಲ್ಲ, ಸಮೀಪ ಎಲ್ಲೋ ಹೊಡೆದರೂ ರೇಡಿಯೊದ ಮುಂಭಾಗದ ಟ್ರಾನ್ಸಿಸ್ಟರ್ ಸುಟ್ಟುಹೋದೀತು.

ಹೊತ್ತು ನೋಡಿ ಬ್ಯಾಂಡು ಆರಿಸುವುದನ್ನು ಚುಟುಕಾಗಿ ಹೇಳುತ್ತೇನೆ. ಸೂರ್ಯ ಮೇಲಿದ್ದಾಗ ಮೇಲಿನ ಆವರ್ತನ, ಮುಳುಗಿದ ಮೇಲೆ ಕೆಳಗಿನದು. ಹಗಲಲ್ಲಿ ವಾತಾವರಣದ ಡಿ ಪದರ ಕೆಳ ಆವರ್ತನಗಳನ್ನು ನುಂಗಿಬಿಡುತ್ತದೆ, ರಾತ್ರಿ ಆ ಪದರ ಕರಗುತ್ತದೆ. ಮಧ್ಯಾಹ್ನ 13ರಿಂದ 17 ಮೆಗಾಹರ್ಟ್ಸ್, ಸಂಜೆ 9 ಮತ್ತು 11, ರಾತ್ರಿ ಏರಿದಂತೆ 7 ಮತ್ತು 6. ಮಧ್ಯಾಹ್ನ ಎರಡಕ್ಕೆ 49 ಮೀಟರ್ (6 ಮೆಗಾಹರ್ಟ್ಸ್‌ನ) ಬ್ಯಾಂಡು ತಿರುಗಿಸಿ ಖಾಲಿ ಎಂದು ದೂರಿದರೆ ಅದು ರೇಡಿಯೊದ ತಪ್ಪಲ್ಲ. ಸ್ಟೇಷನ್‌ಗಳ ವೇಳಾಪಟ್ಟಿ ಇರುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ಅದಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಮಾರ್ಚಿನ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಆವರ್ತನಗಳು ಬದಲಾಗುತ್ತವೆ, ಹೋದ ವರ್ಷ ಬರೆದಿಟ್ಟ ಚೀಟಿಯನ್ನು ನಂಬಬೇಡಿ. ಪರೀಕ್ಷೆಗೆ 10000 ಕಿಲೋಹರ್ಟ್ಸ್ ಒತ್ತಿ ನೋಡಿ. ಚೀನಾದ ಬಿಪಿಎಂ ಸಮಯಸೂಚಿ ಕೇಂದ್ರ ಸೆಕೆಂಡಿಗೊಂದು ಟಿಕ್ ಕೊಡುತ್ತದೆ. ರಾತ್ರಿ ಅದು ತೆಳುವಾಗಿಯಾದರೂ ಕೇಳಿದರೆ ನಿಮ್ಮ ಜಾಗ ಶಾರ್ಟ್‌ವೇವ್‌ಗೆ ಯೋಗ್ಯ. ರೇಡಿಯೊದಲ್ಲಿ ಎಸ್‌ಎಸ್‌ಬಿ (ಅಲೆಯ ಒಂದೇ ಬದಿಯಲ್ಲಿ ಮಾತು ಕಳಿಸುವ ವಿಧಾನ) ಇದ್ದರೆ ಬೆಳಗ್ಗೆ 7000ರಿಂದ 7200ರ ನಡುವೆ ಎಲ್‌ಎಸ್‌ಬಿಯಲ್ಲಿ, ಅಂದರೆ ಅದರ ಕೆಳಬದಿಯಲ್ಲಿ, ಹ್ಯಾಮ್‌ಗಳು ಎನ್ನುವ ಹವ್ಯಾಸಿ ರೇಡಿಯೊದವರು ಸಿಗುತ್ತಾರೆ. ಎಸ್‌ಎಸ್‌ಬಿ ಹಾಕದಿದ್ದರೆ ಅವರ ಮಾತು ಬಾತುಕೋಳಿ ಕೂಗಿದಂತೆ ಕೇಳುತ್ತದೆ, ಅದನ್ನೂ ಗದ್ದಲವೆಂದು ದಾಟಿಬಿಡಬೇಡಿ.

ಈ ಪ್ರಶ್ನೆಯಲ್ಲಿ ಯಾರೂ ಕೇಳದಿದ್ದರೂ ಹೇಳಲೇಬೇಕಾದ ಇನ್ನೊಂದಿದೆ, ಏಕೆಂದರೆ ಹೊಸ ರೇಡಿಯೊ ತಂದವರೆಲ್ಲ ಇಲ್ಲಿ ಎಡವುತ್ತಾರೆ. "ಎಫ್‌ಎಂ ಬರುತ್ತೆ, ಆದರೆ ಮೀಡಿಯಂವೇವ್‌ನಲ್ಲಿ ನಮ್ಮ ಆಕಾಶವಾಣಿಯೇ ಗೊಗ್ಗರು." ಇದಕ್ಕೆ ಕಾರಣ ಏರಿಯಲ್ ಅಲ್ಲ, ಹಂತ. ಮೀಡಿಯಂವೇವ್‌ನಲ್ಲಿ ಅಮೆರಿಕ ಖಂಡದವರು 10 ಕಿಲೋಹರ್ಟ್ಸ್‌ಗೆ ಒಂದರಂತೆ ಸ್ಟೇಷನ್ ಕೂರಿಸುತ್ತಾರೆ. ನಾವೂ ಯುರೋಪಿನವರೂ 1975ರ ಜಿನೀವಾ ಒಪ್ಪಂದದಂತೆ, 1978ರಿಂದ, 9 ಕಿಲೋಹರ್ಟ್ಸ್‌ಗೆ ಒಂದು. ಆಮದಾದ ರೇಡಿಯೊ 10ರ ಹಂತದಲ್ಲಿ ಬಂದಿದ್ದರೆ ಅದು 610ರಲ್ಲಿ ನಿಲ್ಲುತ್ತದೆ, 620ರಲ್ಲಿ ನಿಲ್ಲುತ್ತದೆ, ಬೆಂಗಳೂರಿನ 612ರಲ್ಲಿ ನಿಲ್ಲುವುದಿಲ್ಲ. ಧಾರವಾಡದ 765, ಭದ್ರಾವತಿಯ 675 ಇನ್ನೂ ಕಷ್ಟ, ಎರಡು ಹಂತಗಳ ಸರಿ ನಡುವೆ ಸಿಕ್ಕಿಕೊಳ್ಳುತ್ತವೆ. ಆಟೋ ಸ್ಕ್ಯಾನ್ ಅವನ್ನು ಹಾರಿಸಿಯೇ ಹೋಗುತ್ತದೆ. ನಮ್ಮ ಆವರ್ತನಗಳ ಅಂಕಿಗಳನ್ನು ಕೂಡಿ ನೋಡಿ: 6, 1, 2 ಕೂಡಿದರೆ 9. 7, 6, 5 ಕೂಡಿದರೆ 18. 6, 7, 5 ಕೂಡಿದರೂ 18. ಕಲಬುರಗಿಯ 1107, ಮತ್ತೆ 9. ಶಾಲೆಯಲ್ಲಿ ಕಲಿತ ಒಂಬತ್ತರ ಭಾಗಾಕಾರದ ಗುಟ್ಟು ಇಲ್ಲಿ ಎಷ್ಟು ಚೆಂದ ಕೂತಿದೆ!

ರೇಡಿಯೊದ ಕೈಪಿಡಿಯಲ್ಲಿ 9ಕೆ/10ಕೆ ಎಂಬ ಸಾಲು ಹುಡುಕಿ 9ಕ್ಕೆ ಬದಲಿಸಿ, ಆಮೇಲೆ ಹೊಸದಾಗಿ ಸ್ಕ್ಯಾನ್ ಮಾಡಿ. ಮೀಡಿಯಂವೇವ್ ಕೇಳುವಾಗ ಕಡ್ಡಿ ಎಳೆಯುವ ಅಗತ್ಯವಿಲ್ಲ, ಅಲ್ಲಿ ಕೆಲಸ ಮಾಡುವುದು ಒಳಗಿನ ಫೆರೈಟ್ ರಾಡು. ಕಡ್ಡಿ ಮಡಚಿಟ್ಟು, ರೇಡಿಯೊವನ್ನು ಮೇಜಿನ ಮೇಲೆ ಕಾಲು ಸುತ್ತು ತಿರುಗಿಸುತ್ತಾ ದನಿ ತಿಳಿಯಾಗುವ ಕೋನದಲ್ಲಿ ನಿಲ್ಲಿಸಿ.