ಒಂದು ಯೂನಿಟ್ ಅಂದರೆ ಎಷ್ಟು?

ಕರೆಂಟ್ ಬಿಲ್ಲಿನಲ್ಲಿ ಯೂನಿಟ್, ರಕ್ತನಿಧಿಯಲ್ಲಿ ಯೂನಿಟ್, ಇನ್ಸುಲಿನ್ ಸೀಸೆಯ ಮೇಲೂ ಯೂನಿಟ್. ಗಣಿತಜ್ಞ ಜಾನ್ ಡೀ 1570ರಲ್ಲಿ ಯೂಕ್ಲಿಡ್‌ನ ರೇಖಾಗಣಿತ ಗ್ರಂಥದ ಇಂಗ್ಲಿಷ್ ಅನುವಾದಕ್ಕೆ ಮುನ್ನುಡಿ ಬರೆಯುವಾಗ ಈ ಪದ ಬಳಸಿದ್ದು ‘ಒಂದು’ ಎಂಬ ಅರ್ಥದಲ್ಲಿ. ಯಾವುದು ಒಂದು, ಎಷ್ಟು ಸೇರಿದರೆ ಒಂದು ಎಂಬುದನ್ನು ಆಯಾ ಕ್ಷೇತ್ರದವರೇ ಗೊತ್ತುಮಾಡಿಕೊಂಡಿದ್ದಾರೆ.

ವಿದ್ಯುತ್ತಿನ ಲೆಕ್ಕ ಸರಳ. ಯೂನಿಟ್ ಅಂದರೆ ಒಂದು ಕಿಲೋವ್ಯಾಟ್-ಗಂಟೆ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಅಷ್ಟನ್ನು ಎಳೆಯುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟರಲ್ಲೇ ಸುಮಾರು 111 ಗಂಟೆ ಉರಿಯುತ್ತದೆ. ಗೃಹಜ್ಯೋತಿಯ 200 ಯೂನಿಟ್ಟೂ ಇದೇ ಅಳತೆ. ರಕ್ತದಾನದಲ್ಲಿ ಯೂನಿಟ್ ಅಂದರೆ ಒಂದು ಚೀಲ, 350 ಅಥವಾ 450 ಮಿಲಿಲೀಟರ್.

ಔಷಧದ ಯೂನಿಟ್ ಮಾತ್ರ ತೂಕವೂ ಅಲ್ಲ, ಗಾತ್ರವೂ ಅಲ್ಲ. ಔಷಧ ದೇಹದಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಅಳತೆ ಅದು. 1922ರ ಸುಮಾರಿಗೆ ಟೊರಾಂಟೊದಲ್ಲಿ ಇನ್ಸುಲಿನ್ ತಯಾರಾದಾಗ ಅದು ತೂಗಿ ಕೊಡುವಷ್ಟು ಶುದ್ಧವಾಗಿರಲಿಲ್ಲ. ಹಾಗಾಗಿ ಉಪವಾಸವಿದ್ದ ಮೊಲದ ರಕ್ತದ ಸಕ್ಕರೆಯನ್ನು ಎಷ್ಟು ಇಳಿಸುತ್ತದೆ ಎಂದು ನೋಡಿ ಪ್ರಮಾಣ ಗೊತ್ತುಮಾಡಿದರು. ಇಂದು ಇನ್ಸುಲಿನ್ನಿನ ಒಂದು ಯೂನಿಟ್ ಸುಮಾರು 0.035 ಮಿಲಿಗ್ರಾಂ. ವಿಟಮಿನ್ ಡಿಯಲ್ಲಿ ಅದೇ ಒಂದು ಯೂನಿಟ್ 0.025 ಮೈಕ್ರೋಗ್ರಾಂ, ವಾರಕ್ಕೊಮ್ಮೆ ನುಂಗಲು ಬರೆದುಕೊಡುವ 60,000 ಯೂನಿಟ್ ಕೇಳಲು ಭಾರಿ, ತೂಕ ಬರೀ 1.5 ಮಿಲಿಗ್ರಾಂ. ಒಂದು ಔಷಧದ ಯೂನಿಟ್ಟನ್ನು ಇನ್ನೊಂದರ ಜೊತೆ ಹೋಲಿಸಿದರೆ ಅರ್ಥವೇ ಇಲ್ಲ.

ನಿಜವಾದ ಅಪಾಯ ಇರುವುದು ಇನ್ಸುಲಿನ್ ಸಿರಿಂಜಿನಲ್ಲಿ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಮಿಲಿಲೀಟರಿಗೆ 40 ಯೂನಿಟ್, ಇಲ್ಲವೇ 100. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಕೆಂಪು ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಬರುವುದು 0.25 ಮಿಲಿಲೀಟರ್. ಸೀಸೆ 100ರದ್ದಾಗಿದ್ದರೆ ಅಷ್ಟರಲ್ಲಿ 25 ಯೂನಿಟ್ ಇರುತ್ತದೆ; ಸಕ್ಕರೆ ಧಡಕ್ಕನೆ ಇಳಿದು ಬೆವರು, ನಡುಕ, ಗೊಂದಲ, ಕೊನೆಗೆ ಪ್ರಜ್ಞೆಯೂ ತಪ್ಪಬಹುದು. ತಿರುಗಾಮುರುಗಾ ಆದರೆ 10ರ ಬದಲು 4 ಯೂನಿಟ್ಟೇ ಒಳಹೋಗಿ ಸಕ್ಕರೆ ಏರಿಯೇ ಇರುತ್ತದೆ. ಇನ್ಸುಲಿನ್ ಚುಚ್ಚುವ ಪೆನ್ನಿನ ಕಾರ್ಟ್ರಿಜ್‌ಗಳು ಸಾಮಾನ್ಯವಾಗಿ 100ರವು, ಅವುಗಳಿಂದ ಸಿರಿಂಜಿಗೆ ಎಳೆಯುವ ಅಭ್ಯಾಸ ಬೇಡವೇ ಬೇಡ. ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಡುವ ಮೊದಲೇ ಸೀಸೆಯ ಅಂಕಿ, ಸಿರಿಂಜಿನ ಅಂಕಿ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ.

ವೈದ್ಯರ ಚೀಟಿಯಲ್ಲೂ ಒಂದು ತೊಡಕಿದೆ. ಯೂನಿಟ್ ಎನ್ನುವುದಕ್ಕೆ ಇಂಗ್ಲಿಷಿನ ಮೊದಲಕ್ಷರವೊಂದನ್ನೇ ಅವಸರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು, 10 ಎಂಬುದು 100 ಆಗಿಬಿಡಬಹುದು. ಪದವನ್ನು ಪೂರ್ತಿ ಬರೆಯಿರಿ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.